ಬರಿ ನೀರಿನಲ್ಲಿ ಸಿಕ್ಕ ಟಗರು

ಆ ಬೆಳಿಗ್ಗೆ ನಮ್ಮ ಲ್ಯಾಬಿನಲ್ಲಿ ಬರಿ ನೀರು ಗಂಡಾಯಿತು. ನೀರೆಂದರೆ ನಲ್ಲಿಯ ನೀರಲ್ಲ, ಶುದ್ಧ ಮಾಡಿ ಮಾಡಿ ಒಳಗೆ ಏನೂ ಉಳಿಯದಂತೆ ಮಾಡಿದ ನೀರು. ಅದನ್ನು ಪರೀಕ್ಷೆಯ ಪ್ಲೇಟಿನ ಮೊದಲ ಗುಂಡಿಗೆ ಹಾಕುವುದು ಒಂದೇ ಕಾರಣಕ್ಕೆ: ಅಲ್ಲಿ ಸೊನ್ನೆ ಬರಬೇಕು. ಅಲ್ಲಿ ಸೊನ್ನೆ ಬಂದರೆ ಮಾತ್ರ ಉಳಿದ ಗುಂಡಿಗಳು ಹೇಳಿದ್ದನ್ನು ನಂಬಬಹುದು. ನಮ್ಮ ಪರೀಕ್ಷೆಯಲ್ಲಿ ಹಾರ್ಮೋನು ಹೆಚ್ಚಿದ್ದಷ್ಟೂ ಬಣ್ಣ ತೆಳುವಾಗುತ್ತದೆ. ನೀರಿನ ಗುಂಡಿ ಗಾಢ ಹಳದಿಯಾಗಬೇಕಿತ್ತು. ಮಾಸಿದ ಬನಿಯನ್ನಿನ ಬಣ್ಣಕ್ಕೆ ಬಂದು ಕೂತಿತ್ತು. ಲೆಕ್ಕ ಹಾಕಿದರೆ, ಸಾಸವಡದ ಹತ್ತಿರದ ಫಾರ್ಮಿನಿಂದ ನಾವು ರಕ್ತ ತಂದಿದ್ದ ಒಂದು ಎಳೆ ಟಗರಿಗಿಂತ ಆ ನೀರಿನಲ್ಲೇ ಗಂಡು ಹಾರ್ಮೋನು ಟೆಸ್ಟೊಸ್ಟಿರೋನ್ ಜಾಸ್ತಿ ಇತ್ತು.

ನಮ್ಮ ಸರ್ ಪುಣೆಯ ಹಳೆಯ ಪೇಟೆಯಲ್ಲಿ ಹುಟ್ಟಿ ಬೆಳೆದವರು. ಬೈಯುವುದಿಲ್ಲ, ಚೀಟಿ ಅಂಟಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜಿನ ಮೇಲೆ ಮರಾಠಿಯಲ್ಲಿ ಒಂದು ಚೀಟಿ ಬಂತು: "ನಮ್ಮ ನೀರು ಪ್ರಾಯಕ್ಕೆ ಬಂದಿದೆ. ಜವಾಬ್ದಾರರು ಬಂದು ಭೇಟಿಯಾಗಬೇಕು." ಪರೀಕ್ಷೆ ಮಾಡಿದವಳು ನಾನೊಬ್ಬಳೇ. ಹೋಗಿ ಭೇಟಿಯಾದೆ.

ನಮ್ಮ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಹುಚ್ಚರ ಸಂತೆಯಂತೆ ಕಂಡೀತು. ಟೆಸ್ಟೊಸ್ಟಿರೋನ್ ತಯಾರಾಗುವುದು ವೃಷಣದಲ್ಲಿ. ಅಲ್ಲಿಂದ ಅಭಿಧಮನಿ ಹಿಡಿದು ಮೇಲೆ ಹೋಗಿ ಮೈಗೆಲ್ಲ ಹಂಚಿಕೆಯಾಗುತ್ತದೆ. ಆದರೆ ಎಲ್ಲವೂ ಹೋಗುವುದಿಲ್ಲ. ವೃಷಣದ ಮೇಲ್ಭಾಗದ ರಕ್ತನಾಳಗಳ ಕಟ್ಟಿನಲ್ಲಿ, ಒಳಗೆ ಬರುವ ಅಪಧಮನಿ ಸುರುಳಿ ಸುತ್ತಿಕೊಂಡಿರುತ್ತದೆ; ಹೊರಗೆ ಹೋಗುವ ಅಭಿಧಮನಿಗಳು ಅದರ ಸುತ್ತ ಬಲೆಯಂತೆ ಹೆಣೆದುಕೊಂಡಿರುತ್ತವೆ. ಹೊರಟ ಹಾರ್ಮೋನಿನಲ್ಲಿ ಒಂದಷ್ಟು ಆ ತೆಳು ಗೋಡೆಗಳನ್ನು ದಾಟಿ, ಬರುವ ರಕ್ತಕ್ಕೆ ಸೇರಿ, ಹೊರಟ ಮನೆಗೇ ವಾಪಸಾಗುತ್ತದೆ. ತಯಾರಾಗುವುದೂ ಅಲ್ಲೇ, ವಾಪಸಾಗುವುದೂ ಅಲ್ಲಿಗೇ. ಹೀಗಾಗಿ ವೃಷಣದ ಒಳಗಿನ ಮಟ್ಟ ಮೈರಕ್ತದ ಮಟ್ಟಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ವೀರ್ಯಾಣು ಬೆಳೆಯಲು ಆ ಒಳಗಿನ ಮಟ್ಟವೇ ಬೇಕು, ಮೈರಕ್ತದ್ದು ಸಾಲುವುದಿಲ್ಲ. ಎಷ್ಟು ವಾಪಸಾಗುತ್ತದೆ ಎಂದು ಟಗರುಗಳಲ್ಲಿ ಅಳೆಯುವುದು ನಮ್ಮ ಯೋಜನೆ. ಫಾರ್ಮಿನಲ್ಲಿ ಬೀಜ ತೆಗೆಯಬೇಕಾದ ಟಗರುಗಳಿಗೆ ಪಶುವೈದ್ಯರು ಅರಿವಳಿಕೆ ಕೊಟ್ಟು, ಕಟ್ಟನ್ನು ಕತ್ತರಿಸುವ ಮುನ್ನ ಅದರ ಮೇಲಿನಿಂದಲೂ ಕೆಳಗಿನಿಂದಲೂ ಸಣ್ಣ ಸೂಜಿಯಲ್ಲಿ ರಕ್ತ ತೆಗೆದುಕೊಡುತ್ತಿದ್ದರು. ನಾವು ಅದನ್ನು ಐಸಿನಲ್ಲಿಟ್ಟು ಘಟ್ಟ ಇಳಿದು ಪುಣೆಗೆ ತರುತ್ತಿದ್ದೆವು.

ಇದನ್ನು ಮನೆಯಲ್ಲಿ ವಿವರಿಸಿದಾಗ ನಮ್ಮ ಮನೆಯವರು ರೊಟ್ಟಿ ತಟ್ಟುತ್ತಲೇ, "ಇದು ನಮ್ಮ ಪಾಶ್ಚರೈಸರೇ ಆತಲ್ಲ. ಹೋಗೋ ಬಿಸಿ ಹಾಲು ಬರೋ ತಣ್ಣನ ಹಾಲಿಗೆ ಕಾವು ಕೊಡ್ತದ" ಎಂದಿದ್ದರು. ಅವರು ಬಾರಾಮತಿ ಕಡೆಯ ಡೇರಿಗಳಲ್ಲಿ ಹಾಲು ಕಾಯಿಸುವ, ತಣಿಸುವ ಯಂತ್ರಗಳ ರಿಪೇರಿ ಮಾಡುವ ಇಂಜಿನಿಯರು. ಧಾರವಾಡದಲ್ಲಿ ಕೂತ ನಮ್ಮ ಅತ್ತೆಗೆ ಮಾತ್ರ ಸೊಸೆ ಪುಣೆಯಲ್ಲಿ "ಕುರಿ ಡಾಕ್ಟರ್" ಎಂದಷ್ಟೇ ಗೊತ್ತು. ಅದಕ್ಕಿಂತ ಹೆಚ್ಚು ಗೊತ್ತಾಗದಂತೆ ನಾವಿಬ್ಬರೂ ನೋಡಿಕೊಂಡಿದ್ದೆವು.

ಮನೆಯಲ್ಲಿ ಇನ್ನೊಂದು ಪರೀಕ್ಷೆ ನಡೆದಿತ್ತು. ಮದುವೆಯಾಗಿ ವರ್ಷಗಳಾಗಿದ್ದವು, ಮಗು ಆಗಿರಲಿಲ್ಲ. ನನ್ನ ತಪಾಸಣೆ ಮುಗಿದು ಏನೂ ತೊಂದರೆಯಿಲ್ಲವೆಂದಾದ ಮೇಲೆ ಅವರ ವೀರ್ಯ ಪರೀಕ್ಷೆಯಾಯಿತು. ಸಂಖ್ಯೆ ಸ್ವಲ್ಪ ಕಡಿಮೆ ಇದೆ, ಗಾಬರಿಯಾಗುವಂಥದ್ದೇನಿಲ್ಲ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು ಡಾಕ್ಟರು. ಮತ್ತೆ ನೋಡಿದಾಗ ಸಂಖ್ಯೆ ಪಾತಾಳಕ್ಕಿಳಿದಿತ್ತು. ಆ ವರದಿ ಬಂದ ಮೇಲೆ ಅವರು ಆ ವಿಷಯ ಎತ್ತಿದರೆ ಎದ್ದು ಹೋಗುತ್ತಿದ್ದರು. ಮೂರನೇ ಸಲ ಪರೀಕ್ಷೆಗೆ ಬರುವುದಿಲ್ಲ ಎಂದುಬಿಟ್ಟಿದ್ದರು. ನನಗೆ ಮಗು ಬೇಕಿತ್ತು, ಬಹಳ ಬೇಕಿತ್ತು. ಅದನ್ನು ಅವರ ಮುಂದೆ ಹೇಳಲು ಹೆದರಿ ನಾನು ಟಗರುಗಳ ಬಗ್ಗೆ ಮಾತಾಡುತ್ತಿದ್ದೆ.

ಲ್ಯಾಬಿನ ನೀರಿಗೆ ಬರುತ್ತೇನೆ. ಯೋಜನೆಯ ಪರಿಶೀಲನಾ ಸಮಿತಿ ಬರುವ ದಿನ ಹತ್ತಿರವಾಗಿತ್ತು. ಮೊದಲು ನೀರನ್ನೇ ಬದಲಿಸಿದೆ. ಮಾರನೆಯ ದಿನವೂ ನೀರು ಗಂಡೇ. ಹೊಸ ಕಿಟ್ ಒಡೆದೆ. ಪಿಪೆಟ್ಟಿನ ತುದಿಗಳನ್ನು ಬೇರೆ ಡಬ್ಬಿಯಿಂದ ತೆಗೆದೆ. ಹಾರ್ಮೋನನ್ನು ರಕ್ತದಿಂದ ಬೇರ್ಪಡಿಸುವ ಈಥರನ್ನು ಹೊಸ ಸೀಸೆಯಿಂದ ಸುರಿದೆ, ಗಾಜಿನ ಕೊಳವೆಗಳನ್ನು ಆಮ್ಲದಲ್ಲಿ ನೆನೆಸಿ ತೊಳೆದೆ, ಮೇಜನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಬೀಜ ತೆಗೆದು ಎಷ್ಟೋ ಕಾಲವಾದ ಒಂದು ಟಗರಿನ ರಕ್ತವನ್ನೂ ಜೊತೆಗಿಟ್ಟೆ. ಅದರಲ್ಲಿ ಹೆಚ್ಚುಕಡಿಮೆ ಏನೂ ಇರಬಾರದು. ಅದೂ ಯೌವನ ತೋರಿಸಿತು. ಎಲ್ಲವನ್ನೂ ಮಾಡಿದವಳು ನಾನೇ. ಟಗರಿನ ವಿಷಯದಲ್ಲಿ ನನಗೆ ಯಾರ ಕೈಮೇಲೂ ನಂಬಿಕೆಯಿರಲಿಲ್ಲ.

ನಮ್ಮ ಟೆಕ್ನಿಷಿಯನ್ ಕಾಕಾ ಸೋಲಾಪುರದವರು, ಮನೆಮಾತು ಕನ್ನಡ. ರಕ್ತವನ್ನು ಗಿರಗಿರ ತಿರುಗಿಸಿ ತಿಳಿ ಬೇರೆ ಮಾಡಿ, ಎರಡು ಪಾಲು ಮಾಡಿ ಫ್ರೀಜರಿಗೆ ಹಾಕುವುದು ಅವರ ಕೆಲಸ. ಒಂದು ಪಾಲು ನನಗೆ, ಇನ್ನೊಂದು ಆಪತ್ತಿಗೆ. ಅವರು ಕೈಕಟ್ಟಿ ನನ್ನ ಒದ್ದಾಟ ನೋಡಿ ಕೊನೆಗೆ ಹೇಳಿದರು: "ಮ್ಯಾಡಮ್, ಇದು ಕಿಟ್ಟಿಂದು ಅಲ್ರಿ. ಅಷ್ಟು ಟಗರಿನ ಬೀಜ ತಗಸೀವಿ. ಅವು ಸುಮ್ನ ಬಿಡ್ತಾವೇನು?"

"ಕಾಕಾ, ಇದು ವಿಜ್ಞಾನ."

"ಹೌದ್ರಿ, ವಿಜ್ಞಾನಾನೇ. ಒಂದು ತೆಂಗಿನಕಾಯಿ ಒಡದ್ರ ವಿಜ್ಞಾನಕ್ಕೇನು ನಷ್ಟ ಆಗ್ತದ?"

ಮರುದಿನ ಬೆಳಿಗ್ಗೆ ಸರ್ ಬರುವ ಮುಂಚೆ ಕಾಕಾ ಸೆಂಟ್ರಿಫ್ಯೂಜಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಆ ದಿನ ನನ್ನ ಸ್ಕೂಟರು ಗ್ಯಾರೇಜಿನಲ್ಲಿತ್ತು, ಬಸ್ಸಿನಲ್ಲಿ ನೇತಾಡಿಕೊಂಡು ತಡವಾಗಿ ಬಂದೆ. ಬೈಯುವ ಹೊತ್ತಿಗೆ ಕಾಯಿ ಎರಡು ಹೋಳಾಗಿತ್ತು. ಸಂಜೆ ಪ್ಲೇಟು ಓದಿದೆ. ನೀರಿನಲ್ಲಿ ಸೊನ್ನೆ. ಬೀಜವಿಲ್ಲದ ಟಗರಿನಲ್ಲೂ ಇರಬೇಕಾದಷ್ಟೇ. ವಿಜ್ಞಾನ ಓದಿದ ನಾನು ಆ ಪ್ಲೇಟನ್ನು ಎದೆಗವಚಿಕೊಂಡು ಕೊಬ್ಬರಿ ಚೂರು ತಿಂದೆ.

ಸ್ಕೂಟರು ರಿಪೇರಿಯಾಗಿ ಬಂತು. ಮಾರನೆಯ ದಿನ ನೀರು ಮತ್ತೆ ಗಂಡಾಯಿತು.

"ಕಾಯಿ ಶಕ್ತಿ ಒಂದ ದಿನ ಇರ್ತದ್ರಿ" ಎಂದರು ಕಾಕಾ. "ದಿನಾ ಒಡೀಬೇಕು."

ಸರ್ ಇಬ್ಬರನ್ನೂ ಕೋಣೆಗೆ ಕರೆದರು. ತಣ್ಣಗೆ, ಶುದ್ಧ ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಸಮಿತಿಯವರು ವಿಧಾನ ಕೇಳುತ್ತಾರೆ. ತೆಂಗಿನಕಾಯಿಯ ತಳಿ ಯಾವುದೆಂದು ಬರೆದಿಟ್ಟುಕೊಳ್ಳಿ." ನಾವು ತಲೆ ತಗ್ಗಿಸಿ ಹೊರಬಂದೆವು.

ಆಗ ನನಗೆ ಹೊಳೆದದ್ದು ಬೇರೆ ದಾರಿ. ಟೆಸ್ಟೊಸ್ಟಿರೋನ್ ಟಗರಿನದಾಗಲಿ ಮನುಷ್ಯನದಾಗಲಿ ಒಂದೇ ಅಣು, ನಮ್ಮ ಕಿಟ್ಟಿಗೆ ಜಾತಿ ಗೊತ್ತಾಗುವುದಿಲ್ಲ. ಮೈಗೆ ಹಚ್ಚಿಕೊಳ್ಳುವ ಟೆಸ್ಟೊಸ್ಟಿರೋನ್ ಜೆಲ್ ಇದೆ, ಅದು ಚರ್ಮ ದಾಟಿ ರಕ್ತಕ್ಕೆ ಹೋಗುತ್ತದೆ. ಹಚ್ಚಿಕೊಂಡವರು ಮುಟ್ಟಿದಲ್ಲೆಲ್ಲ ಅಂಟುತ್ತದೆ. ಲ್ಯಾಬಿನಲ್ಲಿ ಯಾರೋ ಹಚ್ಚಿಕೊಳ್ಳುತ್ತಿದ್ದಾರೆ. ಯಾರು? ಕಾಕಾ ಮುಖಕ್ಕೆ ಪೌಡರನ್ನೂ ಹಚ್ಚುವವರಲ್ಲ. ಉಳಿದವರು ಸರ್. ಯೋಚಿಸಿದಷ್ಟೂ ಎಲ್ಲ ತಾಳೆಯಾಯಿತು. ನಿವೃತ್ತಿ ಹತ್ತಿರವಿರುವಾಗ ಅವರು ಕೂದಲಿಗೆ ಬಣ್ಣ ಹಾಕಿಸಿದ್ದರು. ದಿನಾ ಮುಂಜಾನೆ ವೇತಾಳ ಟೇಕಡಿ ಗುಡ್ಡ ಹತ್ತುತ್ತಿದ್ದರು. ಮೊನ್ನೆ ಮೆಟ್ಟಿಲ ಮೇಲೆ ಸಿಳ್ಳೆ ಹಾಕಿದ್ದನ್ನು ನಾನೇ ಕೇಳಿದ್ದೆ. ಸಾಲದ್ದಕ್ಕೆ, ನನ್ನ ಮೇಜಿನ ಮೇಲೆ ಕೈಯೂರಿ ನಿಂತು ಮಾತಾಡುವ ಅಭ್ಯಾಸ ಅವರದು.

ಇಂಥ ಮನುಷ್ಯನನ್ನು ಹೇಗೆ ಕೇಳುವುದು? ಒಂದು ದಿನ ಚಹಾ ಹೊತ್ತಿನಲ್ಲಿ ಧೈರ್ಯ ಮಾಡಿದೆ. "ಸರ್, ನೀವು ಮೈಗೆ ಏನು ಹಚ್ಚುತ್ತೀರಿ?"

ಸರ್ ಕಪ್ಪು ಕೆಳಗಿಟ್ಟರು. "ಯಾಕೆ?"

"ಚರ್ಮ ಚೆನ್ನಾಗಿ ಕಾಣುತ್ತಿದೆ, ಅದಕ್ಕೆ."

ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಆಮೇಲೆ ದೀಪಾವಳಿಯ ಅಭ್ಯಂಗದಿಂದ ಹಿಡಿದು ಅವರಜ್ಜಿ ಮೈಗೆ ತಿಕ್ಕಲು ಮಾಡುತ್ತಿದ್ದ ಕಡಲೆಹಿಟ್ಟಿನ ಉಟಣೆಯವರೆಗೆ ಎಲ್ಲ ಹೇಳಿದರು, ನಡುವೆ ಹೆಂಡತಿಯನ್ನು ಎರಡು ಮೂರು ಸಲ ಪ್ರಸ್ತಾಪಿಸಿದರು. ಅವತ್ತಿನಿಂದ ನನ್ನೊಡನೆ ಮಾತಾಡುವಾಗ ಕೋಣೆಯ ಬಾಗಿಲು ತೆರೆದಿಡತೊಡಗಿದರು. ನನಗೆ ನೆಲ ಬಾಯ್ಬಿಡಬಾರದೇ ಎನಿಸಿತು.

ಆ ರಾದ್ಧಾಂತದ ನಂತರ ನಾನು ತೆಗೆದುಕೊಂಡ ನಿರ್ಧಾರವೊಂದೇ ಆ ಇಡೀ ಪ್ರಕರಣದಲ್ಲಿ ಬುದ್ಧಿಯದು. ಯಾರನ್ನೂ ಕೇಳುವುದಿಲ್ಲ, ಯಾರ ಮೇಲೂ ಅನುಮಾನ ಹೇಳುವುದಿಲ್ಲ. ಎಲ್ಲರ ಕೈಯನ್ನೂ ಪರೀಕ್ಷೆಗೆ ಹಾಕುತ್ತೇನೆ. ಬೆಳಿಗ್ಗೆ ಬಂದ ಕೂಡಲೇ, ಬೇರೇನನ್ನೂ ಮುಟ್ಟುವ ಮೊದಲು, ಪ್ರತಿಯೊಬ್ಬರೂ ಬೆರಳುಗಳನ್ನು ಒಂದೊಂದು ಬಟ್ಟಲು ದ್ರಾವಣದಲ್ಲಿ ಅದ್ದಬೇಕು. ಅನುಮಾನ ಬಾರದಿರಲಿ ಎಂದು ನನ್ನ ಕೈಯನ್ನೂ ಅದ್ದಿದೆ. ಬಟ್ಟಲುಗಳನ್ನು ಪ್ಲೇಟಿಗೆ ಹಾಕುವ ಕೆಲಸ ಕಾಕಾ ಮಾಡಿದರು, ಕೈಗೆ ಹೊಸ ಗ್ಲೌಸ್ ತೊಟ್ಟು, ಮನಸ್ಸಿನಲ್ಲಿ ಏನೋ ಜಪಿಸುತ್ತ.

ಸಂಜೆ ಮೂವರೂ ಪರದೆಯ ಮುಂದೆ ನಿಂತೆವು. ನೀರಿನದು ಸೊನ್ನೆ. ಕಾಕಾ ಅವರದು ಹೆಚ್ಚುಕಡಿಮೆ ಸೊನ್ನೆ. ಸರ್ ಅವರದು ಸೊನ್ನೆ, ಅದನ್ನು ನೋಡಿ ಅವರಿಗೆ ಒಂದು ಕ್ಷಣ ಬೇಸರವಾದಂತೆ ಕಂಡಿತು. ನನ್ನ ಬಟ್ಟಲಿನದಕ್ಕೆ ಯಂತ್ರ ಸಂಖ್ಯೆಯನ್ನೇ ಕೊಡಲಿಲ್ಲ. ಅಳತೆ ಮೀರಿದೆ ಎಂದಿತು.

ಕಾಕಾ ನನ್ನ ಮೇಲ್ದುಟಿಯನ್ನು ನೋಡಿ ಬೇಗ ಕಣ್ಣು ತೆಗೆದರು. ಕೆಲವು ತಿಂಗಳಿಂದ ನನ್ನ ಗದ್ದದ ಮೇಲೆ ಕಾಲೇಜು ಹುಡುಗಿಯರಂತೆ ಮೊಡವೆ ಎದ್ದಿದ್ದವು, ಅತ್ತೆ ಫೋನಿನಲ್ಲೇ ಅರಿಶಿನ ಹಚ್ಚಲು ಹೇಳಿದ್ದರು. ಆ ಮೊಡವೆಗಳೆಲ್ಲ ಆಗ ಒಟ್ಟಿಗೆ ಉರಿದವು. ಸರ್ ಗಂಟಲು ಸರಿಮಾಡಿಕೊಂಡು, ಚಾವಣಿಯನ್ನು ನೋಡುತ್ತ, "ಮ್ಯಾಡಮ್, ವೈಯಕ್ತಿಕ ವಿಷಯ ಏನಾದರೂ ಇದ್ದರೆ ರಜೆ ತೆಗೆದುಕೊಳ್ಳಿ" ಎಂದರು.

ರಜೆ ತೆಗೆದುಕೊಳ್ಳಲಿಲ್ಲ, ಸಿಟ್ಟು ಬಂತು. ಮರುದಿನ ನಾನು ಮುಟ್ಟುವ ವಸ್ತುಗಳನ್ನೆಲ್ಲ ಒಂದೊಂದಾಗಿ ಒದ್ದೆ ಹತ್ತಿಯಿಂದ ಒರೆಸಿ ಪರೀಕ್ಷಿಸಲು ಕಾಕಾಗೆ ಕೊಟ್ಟೆ: ಪರ್ಸು, ಫೋನು, ಸ್ಕೂಟರಿನ ಹಿಡಿಕೆ, ಹೆಲ್ಮೆಟ್ಟು, ಡಬ್ಬಿ. ಕೊನೆಗೆ ಕಾಕಾ ಗೂಟಕ್ಕೆ ನೇತುಹಾಕಿದ್ದ ಅಂಗಿಯನ್ನು ತೋರಿಸಿ, "ಇದು?" ಎಂದರು.

ಪುಣೆಯಲ್ಲಿ ಸ್ಕೂಟರು ಓಡಿಸುವ ಹೆಂಗಸರು ಬಿಸಿಲಿಗೆ ಮುಖಕ್ಕೆ ಸ್ಕಾರ್ಫ್ ಸುತ್ತಿ, ಬಟ್ಟೆಯ ಮೇಲೊಂದು ಕೋಟು ತೊಡುತ್ತಾರೆ. ಕೋಟು ಕೊಳ್ಳದ ನನ್ನಂಥವರು ಗಂಡನ ಹಳೆಯ ತುಂಬುತೋಳಿನ ಅಂಗಿ ಏರಿಸಿಕೊಳ್ಳುತ್ತೇವೆ. ನಮ್ಮ ಮನೆಯವರ ನೀಲಿ ಚೌಕಳಿ ಅಂಗಿ ಅದು. ಬೆಳಿಗ್ಗೆ ಸ್ನಾನ ಮಾಡಿ ಅವರು ಅದನ್ನು ಹಾಕಿಕೊಂಡು ಚಹಾ ಕಾಸಿ, ರೊಟ್ಟಿ ಮಾಡಿ, ಕಂಪನಿಯ ಅಂಗಿ ತೊಡುವಾಗ ಅದನ್ನು ಬಾಗಿಲ ಹಿಂದೆ ಹಾಕುತ್ತಿದ್ದರು. ನಾನು ಅದನ್ನೇ ಎಳೆದು ತೊಟ್ಟು ಹೊರಡುತ್ತಿದ್ದೆ. ತೋಳು ಉದ್ದ. ಅದರ ತುದಿಯನ್ನು ಬೆರಳುಗಳ ಮೇಲೆ ಎಳೆದುಕೊಂಡರೆ ಕೈಗವಸೂ ಆಗುತ್ತಿತ್ತು. ಹಡಪಸರದ ಮನೆಯಿಂದ ಊರಿನ ಈ ತುದಿಯವರೆಗೆ ಹಾಗೇ ಹಿಡಿದುಕೊಂಡು ಬಂದು, ಅದೇ ಕೈಯಿಂದ ಕೊಳವೆಗಳ ಮೇಲೆ ಹೆಸರು ಬರೆದು, ಅದೇ ಕೈಯಿಂದ ಗ್ಲೌಸ್ ಎಳೆದು ತೊಡುತ್ತಿದ್ದೆ. ಬಸ್ಸಿನಲ್ಲಿ ಬಂದ ದಿನ ಅಂಗಿ ತೊಟ್ಟಿರಲಿಲ್ಲ.

ತೋಳಿನ ತುದಿಯಿಂದ ಒಂದು ಚೂರು ಕತ್ತರಿಸಿ ಕೊಟ್ಟೆ. ಅದರ ಫಲಿತಾಂಶವನ್ನು ಬರೆಯುವ ಅಗತ್ಯವಿಲ್ಲ. ಕಾಕಾ ಒಂದೇ ಮಾತು ಹೇಳಿದರು, ಮೆಲ್ಲಗೆ: "ಮನ್ಯಾಗ ಮಾತಾಡ್ರಿ, ಮ್ಯಾಡಮ್. ಜಗಳಾಡಬ್ಯಾಡ್ರಿ."

ಮನೆಗೆ ಬಂದಾಗ ಅವರು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದರು. ತೋಳು ಕತ್ತರಿಸಿದ ಅಂಗಿಯನ್ನು ಮುಂದೆ ಹಿಡಿದೆ.

"ಏನ್ ಹಚ್ಕೋತೀರಿ ಮೈಗೆ?"

"ಭುಜ ನೋವಿನ ಮುಲಾಮು."

"ಈ ಪ್ರಶ್ನೆ ನಮ್ಮ ಸರ್‌ಗೂ ಕೇಳಿ ಮಾನ ಕಳ್ಕೊಂಡು ಬಂದೀನಿ. ಖರೇ ಹೇಳ್ರಿ."

ಅವರು ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಂತರ ಒಳಗೆ ಹೋಗಿ ರಿಪೇರಿ ಸಾಮಾನಿನ ಪೆಟ್ಟಿಗೆಯ ತಳದಿಂದ ಜೆಲ್ಲಿನ ಟ್ಯೂಬು ತಂದು ನನ್ನ ಕೈಗಿತ್ತರು. ಜಿಮ್ಮಿನ ತರಬೇತುದಾರ ತರಿಸಿಕೊಟ್ಟದ್ದಂತೆ, ಚೀಟಿಯೂ ಇಲ್ಲ, ಡಾಕ್ಟರೂ ಇಲ್ಲ. ಮೊದಲ ವರದಿ ಬಂದ ವಾರದಿಂದಲೇ ಶುರು. ದಿನಾ ಸ್ನಾನವಾದ ಮೇಲೆ ಭುಜಕ್ಕೆ, ರಟ್ಟೆಗೆ. ಯಂತ್ರ ಬಿಚ್ಚಿ ಗ್ರೀಸು ಒರೆಸುವ ಚಾಳಿಯಂತೆ ಕೈಯನ್ನು ತೋಳಿನ ತುದಿಗೆ ಒರೆಸಿಕೊಳ್ಳುತ್ತಿದ್ದರು.

"ಕೌಂಟ್ ಕಡಿಮಿ ಅಂದ್ರ ಗಂಡು ಹಾರ್ಮೋನು ಕಡಿಮಿ ಅಂದ ಅಂವ. ಕಡಿಮಿ ಆದ್ರ ತುಂಬಬೇಕಲ್ಲ" ಎಂದರು. "ಎರಡನೇ ರಿಪೋರ್ಟ್ ಇನ್ನೂ ಕೆಟ್ಟ ಬಂತು. ಅದಕ್ಕ ಡಬಲ್ ಮಾಡಿದೆ." ಲ್ಯಾಬಿನ ನೀರು ಗಂಡಾಗಲು ಶುರುವಾದದ್ದು ಆ ಡಬಲ್ ಆದ ಮೇಲೆ.

ನನಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಅವರು ಗಾಬರಿಯಾಗಿ ನೀರು ತಂದರು. ಕುಡಿದು, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿದೆ.

"ನಮ್ಮ ಬಿಲ್ಡಿಂಗಿನ ಬೋರಿನ ಪೈಪು ಮೊದಲು ತೋಟಕ್ಕ ಹೋಗ್ತದ, ಆಮೇಲೆ ಮ್ಯಾಲಿನ ಟ್ಯಾಂಕಿಗೆ. ಹೌದಿಲ್ರಿ? ಟ್ಯಾಂಕರ್ ತರಿಸಿ ಮ್ಯಾಲಿನ ಟ್ಯಾಂಕು ತುಂಬಿಸಿದ್ರ ಏನಾಗ್ತದ?"

"ಫ್ಲೋಟ್ ಮ್ಯಾಲ ಬರ್ತದ. ಬೋರಿನ ಮೋಟರ್ ಬಂದ್ ಆಗ್ತದ."

"ತೋಟಕ್ಕ?"

"ತೋಟ ಒಣ…" ಎಂದು ಅಲ್ಲಿಗೇ ನಿಂತರು.

ಮೈರಕ್ತ ಟ್ಯಾಂಕು, ಮಿದುಳು ಫ್ಲೋಟು. ಹೊರಗಿನ ಹಾರ್ಮೋನು ರಕ್ತ ತುಂಬಿದ ಕೂಡಲೇ ಮಿದುಳು ವೃಷಣಕ್ಕೆ ಸಾಕು ಮಾಡು ಎನ್ನುತ್ತದೆ. ಒಳಗಿನ ತಯಾರಿ ನಿಂತರೆ ಒಳಗಿನ ಮಟ್ಟ ಕುಸಿಯುತ್ತದೆ, ವೀರ್ಯಾಣು ಹುಟ್ಟುವುದು ನಿಲ್ಲುತ್ತದೆ. ನಾನು ಇಡೀ ದಿನ ಟಗರುಗಳಲ್ಲಿ ಅಳೆಯುತ್ತಿದ್ದುದು ಇದನ್ನೇ. ಇಷ್ಟು ಹೇಳುವ ಅಗತ್ಯವೂ ಇರಲಿಲ್ಲ, ಅವರಿಗೆ ಅರ್ಥವಾಗಿತ್ತು. ಕುರ್ಚಿಯಲ್ಲಿ ಕೂತುಬಿಟ್ಟರು.

"ಅಂದ್ರ ಬಂದ್ ಮಾಡಿದವ ನಾನೇ."

"ನನ್ನ ಒಂದ್ ಮಾತು ಕೇಳಬೇಕೋ ಬ್ಯಾಡೋ? ಇದೇ ನನ್ನ ಕೆಲಸ ಅದ."

ಆಗ ಅವರು ತಲೆ ಎತ್ತಿ ನೋಡಿದರು. ಸಿಟ್ಟಿರಲಿಲ್ಲ. "ದಿನಾ ಬಂದು ಟಗರಿನ ಸುದ್ದಿ ಹೇಳ್ತಿದ್ದಿ. ಇದರದ ಇಷ್ಟು ಬಂತು, ಅದರದ ಅಷ್ಟು ಬಂತು. ಅದನ್ನ ಕೇಳ್ಕೋತ ರೊಟ್ಟಿ ಬಡೀತಿದ್ದೆ. ನಿಮಗೆ ಹ್ಯಾಂಗ ಅನಸ್ತದ ಅಂತ ಒಂದ್ ದಿನಾನೂ ಕೇಳ್ಲಿಲ್ಲ ನೀ."

ಎದ್ದು ಹೋಗುತ್ತಿದ್ದವರು ನೀವೇ ಎಂದು ವಾದಿಸಬಹುದಿತ್ತು. ವಾದಿಸಲು ಮನಸ್ಸಾಗಲಿಲ್ಲ, ಪಕ್ಕದಲ್ಲಿ ಕೂತೆ. ಅವರು ಕೇಳಿದರು: "ಮೋಟರ್ ಮತ್ತ ಚಾಲೂ ಆಗ್ತದೇನು?"

"ಬಹಳ ಮಂದಿಗೆ ಆಗ್ತದ. ತಿಂಗಳುಗಟ್ಟಲೆ ಹಿಡೀತದ. ಎಲ್ಲರಿಗೂ ಅಂತ ಹೇಳಾಕಾಗಂಗಿಲ್ಲ."

ಡಾಕ್ಟರೂ ಅದನ್ನೇ ಹೇಳಿ ಜೆಲ್ ಬಿಡಿಸಿದರು, ಜೊತೆಗೆ ಅವರಿಗೂ ನನಗೂ ಸಮನಾಗಿ ಬೈದರು. ನನ್ನ ರಕ್ತವನ್ನೂ ಪರೀಕ್ಷಿಸಿ, ಅಂಗಿ ಬಿಟ್ಟರೆ ಸರಿಹೋಗುತ್ತದೆ ಎಂದರು. ಮೊಡವೆ ನಿಧಾನಕ್ಕೆ ಇಳಿದವು, ಅತ್ತೆ ಅರಿಶಿನದ ಮಹಿಮೆ ಎಂದರು. ಲ್ಯಾಬಿನಲ್ಲಿ ಸರ್‌ಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕೇಳಿ, ಎದ್ದು, ತೆರೆದಿದ್ದ ಬಾಗಿಲನ್ನು ಮುಚ್ಚಿ, "ಇದು ಈ ಕೋಣೆ ಬಿಟ್ಟು ಹೋಗುವುದಿಲ್ಲ" ಎಂದರು. ಹೋಗಲಿಲ್ಲ. ಆಪತ್ತಿಗೆಂದು ಕಾಕಾ ತುಂಬಿಟ್ಟಿದ್ದ ಪಾಲನ್ನು ನನ್ನ ಕೈ ಮುಟ್ಟಿರಲಿಲ್ಲ. ಅದನ್ನೇ ತೆಗೆದು, ಕಾಕಾ ಕೈಯಿಂದಲೇ ಪರೀಕ್ಷೆ ಮಾಡಿಸಿದೆವು. ಕಟ್ಟಿನ ಕೆಳಗಿನ ಅಪಧಮನಿಯಲ್ಲಿ ಮೇಲಿನದಕ್ಕಿಂತ ಹಾರ್ಮೋನು ಸ್ಪಷ್ಟವಾಗಿ ಹೆಚ್ಚಿತ್ತು: ಹೊರಟದ್ದರಲ್ಲಿ ಒಂದಷ್ಟು ವಾಪಸಾಗುತ್ತಿತ್ತು. ಸಮಿತಿಯವರು ತೃಪ್ತರಾಗಿ ಊಟ ಮಾಡಿ ಹೋದರು.

ಆದರೆ ನಾನು ಕಾಯುತ್ತಿದ್ದದ್ದು ಬೇರೆಯದಕ್ಕೆ. ತಿಂಗಳುಗಳು ಹೋದವು. ಮಳೆಗಾಲ ಮುಗಿಯಿತು, ಚಳಿಯೂ ಮುಗಿಯಿತು. ಬೇಸಿಗೆ ಶುರುವಾದಾಗ ಒಂದು ಭಾನುವಾರ ಅವರೇ, "ನಡಿ, ಟೆಸ್ಟ್ ಮಾಡಿಸ್ಕೊಂಡು ಬರೂಣು" ಎಂದರು. ಎರಡು ದಿನ ಬಿಟ್ಟು ವರದಿ ತರಲು ಇಬ್ಬರೂ ಹೋದೆವು. ಲಕೋಟೆಯನ್ನು ಅವರು ಬಿಚ್ಚಲಿಲ್ಲ, ನನಗೆ ಕೊಟ್ಟರು.

ಬಿಚ್ಚಿದೆ. ಇಂಥ ಅಂಕಿಗಳನ್ನು ಓದುವುದೇ ನನ್ನ ಹೊಟ್ಟೆಪಾಡು. ಒಂದು ಸಲ ಓದಿದೆ, ಅಷ್ಟೇ; ಕಣ್ಣು ತುಂಬಿ ಮಾತೇ ಹೊರಡಲಿಲ್ಲ. ಅವರು ನನ್ನ ಮುಖ ನೋಡಿ ಲಕೋಟೆ ಮಡಿಸಿ ಜೇಬಿಗಿಟ್ಟುಕೊಂಡರು. "ಇರ್ಲಿ ಬಿಡು" ಎಂದು ಬೆನ್ನು ಸವರಿದರು. ಮೆಟ್ಟಿಲಿಳಿಯುತ್ತ ಉದ್ದಕ್ಕೂ ಸಮಾಧಾನ ಮಾಡಿದರು. ನಾವಿಬ್ಬರೇ ಇದ್ದರೂ ಚಲೋ ಇರ್ತೀವಿ, ದತ್ತು ತಗೊಳ್ಳೋಣು, ಅವ್ವಗ ನಾ ಹೇಳ್ತೀನಿ, ನೀ ಏನೂ ಹೇಳಬ್ಯಾಡ. ನಾನು ತಲೆ ಅಲ್ಲಾಡಿಸಿದಷ್ಟೂ ಇನ್ನಷ್ಟು ಸಮಾಧಾನ. ಎದುರಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ಕೂರಿಸಿ, ಎರಡು ಗ್ಲಾಸು ಹೇಳಿ, ನನ್ನ ಗ್ಲಾಸನ್ನು ತಾವೇ ಬಾಯಿಗೆ ಹಿಡಿದರು.

ಎರಡು ಗುಟುಕು ಇಳಿದ ಮೇಲೆ ದನಿ ಬಂತು. "ಬಂದಾವ್ರಿ" ಎಂದೆ. "ಭಾಳ ಬಂದಾವು. ಮೊದಲಿನ ರಿಪೋರ್ಟಿಗಿಂತ ಜಾಸ್ತಿ ಬಂದಾವು."

ಅವರು ಜೇಬಿನಿಂದ ವರದಿ ತೆಗೆದು ತಾವೇ ಓದಿದರು. ಗಾಣ ತಿರುಗಿಸುತ್ತಿದ್ದ ಮುದುಕ ಕೈ ನಿಲ್ಲಿಸಿ, ಏನಾಯಿತೆಂದು ಮರಾಠಿಯಲ್ಲಿ ಕೇಳಿದ. ಹೆಂಡತಿಯಿಂದ ಅಷ್ಟು ತಿಂಗಳು ಟ್ಯೂಬು ಬಚ್ಚಿಟ್ಟಿದ್ದ ನಮ್ಮ ಮನೆಯವರು ಆ ಅಪರಿಚಿತನಿಗೆ, ಬೆಂಚಿನ ಮೇಲೆ ಕೂತಿದ್ದವರಿಗೆಲ್ಲ ಕೇಳುವಂತೆ, ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದರು, ಅಂಕಿ ಸಮೇತ. ನಾನು ತಡೆಯಲಿಲ್ಲ.